ಕರಿಗುಡ್ಡದ ಮಂದಿ, ದೊಡ್ಡವರಿಗಾಗಿ

ಕಾಖಂಡಕಿ
8-1-1979

ಪೂಜ್ಯ ಹಣಮಂತರಾಯ ಮಾಸ್ತರರಿಗೆ,

ಸಾರವಾಡದ ಸೀತವ್ವ ಮಾಡುವ ನಮಸ್ಕಾರ. ನಿಮಗೆ ನನ್ನ ಗುರುತು ಇರಲಿಕ್ಕಿಲ್ಲ. ನೀವು ಸಾರವಾಡದ ಕನ್ನಡ ಸಾಲಿಯಲ್ಲಿ ಹೆಡ್‌ಮಾಸ್ತರರಾಗಿದ್ದಾಗ ನಾನು ಮೂರನೆಯ ಇಯತ್ತೆ. ಗಣಿತದ ತಾಸಿನಲ್ಲಿ ನಿಮ್ಮ ‘ಕರಿಗುಡ್ಡದ ಮಂದಿ’ ಓದುತ್ತ ಸಿಕ್ಕಿಬಿದ್ದವಳು. ನೀವು ಪುಸ್ತಕ ಕಸಿದುಕೊಂಡು, ಮುಖಪುಟ ನೋಡಿ, ಬೈಯದೆ ತಿರುಗಿ ಕೊಟ್ಟಿರಿ. ಅಂದಿನಿಂದ ನಾನು ನಿಮ್ಮ ಪಕ್ಷ.

ಈಗ ಕಾಖಂಡಕಿಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೇನೆ. ಹೊಸದಾಗಿ ಬಂದ ವಯಸ್ಕರ ಶಿಕ್ಷಣದ ವರ್ಗ. ಮಧ್ಯಾಹ್ನದ ಊಟ ಮುಗಿದ ಮೇಲೆ ಚಾವಡಿಯಲ್ಲಿ ಸೇರುತ್ತೇವೆ, ದನ ಮನೆಗೆ ಬರುವ ಹೊತ್ತಿಗೆ ಏಳುತ್ತೇವೆ. ಸರ್ಕಾರದ ಮೊದಲ ಪುಸ್ತಕ ಮುಗಿಯಿತು, ಎರಡನೆಯದು ಇನ್ನೂ ಬಂದಿಲ್ಲ. ಖಾಲಿ ಕೂರಿಸಿದರೆ ನಾಳೆ ಯಾರೂ ಬರುವುದಿಲ್ಲ ಅಂದುಕೊಂಡು ಊರಿಗೆ ಹೋಗಿ ನನ್ನ ಟ್ರಂಕಿನಿಂದ ನಿಮ್ಮ ಕರಿಗುಡ್ಡದ ಕಥೆಗಳ ಎಂಟೂ ಪುಸ್ತಕ ತಂದೆ. ನಾನು ಓದಿ ಹೇಳುವುದು, ದೊಡ್ಡ ಅಕ್ಷರದ ಸಾಲುಗಳನ್ನು ಅವರು ಬೆರಳಿಟ್ಟು ಓದುವುದು.

ಏನು ಹೇಳಲಿ ಮಾಸ್ತರರೇ, ನಮ್ಮ ಚಾವಡಿ ಈಗ ಕರಿಗುಡ್ಡವೇ ಆಗಿದೆ. ಡೋಣಿ ಹೊಳೆಯ ಆಚೆಯ ಆ ಗುಡ್ಡ, ರುಮಾಲು ಸುತ್ತಿ ನ್ಯಾಯ ಹೇಳುವ ಮುಳ್ಳುಹಂದಿ ಮುಳ್ಳಪ್ಪ, ಟಪಾಲು ಹಂಚುವ ಕೌಜಗ ಹಕ್ಕಿ, ಎಲ್ಲರಿಗೂ ಬುದ್ಧಿ ಹೇಳುವ ಆಮೆಯಜ್ಜ, ಕೆಂಪು ಬಾಲದ ನರಿ ಕೆಂಚಿ, ಅವಳ ಕುಡುಕ ಗಂಡ. ಬಾವಿಯ ಹತ್ತಿರವೂ ಇವರದೇ ಸುದ್ದಿ.

ಮೊನ್ನೆ ಆರನೆಯ ಪುಸ್ತಕ ಓದುತ್ತಿದ್ದೆ. ಗಂಡು ನರಿ ಸೇಂದಿ ಕುಡಿದು ಬಂದು ಕೆಂಚಿಯ ಗಡಿಗೆಗಳನ್ನೆಲ್ಲ ಗೋಡೆಗೆ ಎಸೆಯುವ ಪುಟ. ಚಿಕ್ಕವಳಿದ್ದಾಗ ಆ ಪುಟಕ್ಕೆ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಇಲ್ಲಿ ಯಾರೂ ನಗಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು: “ಗಡಿಗಿ ಬರೇ ಗ್ವಾಡಿಗೇ ಬಿದ್ದುವೇನ್ರಿ?”

ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವು. ಅದಕ್ಕೇ ಈ ಪತ್ರ. ಇದೇ ಕರಿಗುಡ್ಡವನ್ನು ದೊಡ್ಡವರಿಗಾಗಿ ನೀವು ಇನ್ನೊಮ್ಮೆ ಬರೆಯಬೇಕು. ಇವರ ಅಕ್ಷರ ಮಕ್ಕಳದು, ವಯಸ್ಸು ಮಕ್ಕಳದಲ್ಲ.

ನಿಮ್ಮ ವಿದ್ಯಾರ್ಥಿನಿ,
ಸೀತವ್ವ

---

ಜಲನಗರ, ವಿಜಾಪುರ
16-1-1979

ಸೀತವ್ವನವರಿಗೆ ಆಶೀರ್ವಾದ.

ನಿಮ್ಮ ಪತ್ರ ಸಂಕ್ರಾಂತಿಯ ಕುಸುರೆಳ್ಳಿನ ಜೊತೆಗೇ ಬಂತು. ಎರಡೂ ಬಹಳ ಸಿಹಿ. ಆ ಪುಸ್ತಕಗಳು ಇನ್ನೂ ಒಬ್ಬರ ಟ್ರಂಕಿನಲ್ಲಿವೆ ಎಂಬುದೇ ನನಗೆ ದೊಡ್ಡ ಸುದ್ದಿ.

ಆದರೆ ನೀವು ಕೇಳುವುದು ನನ್ನಿಂದ ಆಗದ ಮಾತು. ನಿವೃತ್ತಿಯಾಗಿ ಮಗನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಪೇಪರು, ಸಂಜೆ ಮೊಮ್ಮಕ್ಕಳ ಪಾಠ, ನಡುವೆ ನಿದ್ದೆ. ಬರೆದು ಹತ್ತು ವರ್ಷವಾಯಿತು. ಮೇಲಾಗಿ, ಕರಿಗುಡ್ಡವನ್ನು ನಾನು ಮಕ್ಕಳ ಎತ್ತರಕ್ಕೆ ಕಟ್ಟಿದೆ. ಅಲ್ಲಿ ಜಗಳವಿದೆ, ಗಾಯವಿಲ್ಲ. ದೊಡ್ಡವರು ಒಳಗೆ ಬಂದರೆ ಚೌಕಟ್ಟು ತಲೆಗೆ ಬಡಿಯುತ್ತದೆ. ಬೇರೆ ಒಳ್ಳೆಯ ಪುಸ್ತಕಗಳ ಹೆಸರು ಬೇಕಾದರೆ ಬರೆದು ಕಳಿಸುತ್ತೇನೆ.

ನಿಮ್ಮ ಕೆಲಸಕ್ಕೆ ಶುಭವಾಗಲಿ.

ಹಣಮಂತರಾಯ

ತಾ.ಕ.: ಗಡಿಗೆಯ ಮಾತು ಕೇಳಿದ ಹೆಣ್ಣುಮಗಳು ಯಾರು?

---

ಕಾಖಂಡಕಿ
25-1-1979

ಪೂಜ್ಯ ಮಾಸ್ತರರಿಗೆ,

ಬೇರೆ ಪುಸ್ತಕಗಳ ಹೆಸರು ಬೇಡ. ಇವರು ಕೇಳುವುದಿಲ್ಲ. ನಿಮ್ಮ ಪತ್ರವನ್ನು ವರ್ಗದಲ್ಲಿ ಓದಿದೆ, ತಪ್ಪು ತಿಳಿಯಬೇಡಿ. “ನಿದ್ದಿ ಮಾಡೂದು ಬಿಟ್ಟು ಬರಿ ಅಂತ ಹೇಳವ್ವ ಅವರಿಗೆ” ಅಂದಳು ಪರಸವ್ವ. ಅವಳೇ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಅವಳಿಗೆ ಎಲ್ಲ ಮಾತಿಗೂ ಪರವಾನಗಿ ಇದೆ.

ತಲೆಗೆ ಚೌಕಟ್ಟು ಬಡಿಯುತ್ತದೆ ಅಂದಿರಿ. ಅವರೇನು ಕೇಳುತ್ತಾರೆ ಅನ್ನುವುದನ್ನಾದರೂ ಕೇಳಿ. ಕರಿಗುಡ್ಡದ ಹಬ್ಬದಲ್ಲಿ ನರಿ, ಮೊಲ, ಮುಂಗಲಿ ಎಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಂಡವು ಎಂದು ಬರೆದಿದ್ದೀರಿ. ಅದಕ್ಕೆ ಸಕ್ರವ್ವ, “ನರಿ, ಮೊಲ ಕೂಡಿ ಏನ ಉಂಡ್ವು?” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆಮೇಲೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ವಿಚಾರ. ಜುಲೇಖಾಳದು ಬೇರೆ ಚಿಂತೆ. “ಪಾಪ, ಆ ಕೌಜಗ ಊರಿಗೆಲ್ಲ ಟಪಾಲು ಕೊಡತೈತಿ. ಅದಕ್ಕ ಯಾರೂ ಒಂದ ಕಾಗದ ಬರಿಯಂಗಿಲ್ಲ ಯಾಕ?” ಪರಸವ್ವನಂತೂ ಎಂಟನೆಯ ಪುಸ್ತಕ ಮುಗಿದಾಗ, “ಇಷ್ಟು ಮಂದಿ ಅದಾರ, ಒಬ್ಬರೂ ಸತ್ತಿಲ್ಲಲ್ಲ,” ಅಂತ ಸಂಶಯದಿಂದ ನೋಡಿದಳು.

ಗಡಿಗೆಯ ಮಾತು ಕೇಳಿದವಳು ತಾಯವ್ವ. ಇಪ್ಪತ್ನಾಲ್ಕು-ಇಪ್ಪತ್ತೈದರ ವಯಸ್ಸು. ಕಳೆದ ಮಳೆಗಾಲದಲ್ಲಿ ಮಗಳನ್ನು ಕಟ್ಟಿಕೊಂಡು ಗಂಡನ ಊರಿನಿಂದ ಅಣ್ಣನ ಮನೆಗೆ ಬಂದವಳು ತಿರುಗಿ ಹೋಗಿಲ್ಲ. ಯಾಕೆಂದು ಹೇಳಿಲ್ಲ. ಬರೆಯುವಾಗ ಎಡಗೈಯನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಾಳೆ, ನಾವೂ ಕೇಳಿಲ್ಲ. ಎಂಟನೆಯ ಪುಸ್ತಕದ ಕೊನೆಗೆ ಕೆಂಚಿ ಗುಡ್ಡ ಬಿಟ್ಟು ತವರಿಗೆ ಹೊರಡುತ್ತಾಳೆ, ಎಲ್ಲರೂ ಕೈ ಬೀಸುತ್ತಾರೆ, ಕಥೆ ಮುಗಿಯುತ್ತದೆ. ತಾಯವ್ವ ಆ ಪುಟವನ್ನು ತಾನೇ ಮೂರು ಸಲ ಓದಿ, “ಮುಂದ?” ಅಂದಳು.

ಮುಂದೆ ಏನು, ಮಾಸ್ತರರೇ?

ಸೀತವ್ವ

---

ಜಲನಗರ
20-2-1979

ತಂಗಿ ಸೀತವ್ವಳಿಗೆ,

ಇನ್ನು ನಿನ್ನನ್ನು ನೀವು ಎನ್ನುವುದಿಲ್ಲ. ನನ್ನ ನಿದ್ದೆ ಕೆಡಿಸಿದವಳಿಗೆ ಅಷ್ಟು ಮರ್ಯಾದೆ ಸಾಕು.

ನಿನ್ನ ಪತ್ರ ಬಂದ ಮರುದಿನವೇ ಹಲ್ಲುಜ್ಜುತ್ತಿದ್ದಾಗ ಸಕ್ರವ್ವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಮೊಲ ಪಂಕ್ತಿಗೆ ಬರುತ್ತದೆ, ಆದರೆ ಯಾವಾಗಲೂ ಬಾಗಿಲ ಹತ್ತಿರವೇ ಕೂರುತ್ತದೆ. ಊಟ ಎಷ್ಟೇ ರುಚಿಯಾಗಿರಲಿ, ಒಂದು ಕಾಲು ಹೊಸ್ತಿಲ ಆಚೆ ಇಟ್ಟಿರುತ್ತದೆ. ಅಷ್ಟೇ, ಸೀತವ್ವ, ಆ ಒಂದು ಕಾಲನ್ನು ಹೊಸ್ತಿಲ ಆಚೆ ಇಟ್ಟದ್ದೇ ತಡ, ಗುಡ್ಡವೆಲ್ಲ ಅಲುಗಾಡಿ ಎಚ್ಚರಾಯಿತು. ಬಾಯಿ ತೊಳೆಯುವುದನ್ನೂ ಮರೆತು ಪೇಪರಿನ ಅಂಚಿನಲ್ಲಿ ಬರೆದುಕೊಂಡೆ. ಹತ್ತು ವರ್ಷ ಇವರೆಲ್ಲ ಎಲ್ಲಿದ್ದರು? ಮುಳ್ಳಪ್ಪನಿಗೆ ಕಣ್ಣು ಮಂಜಾಗಿದೆ, ಆದರೂ ನ್ಯಾಯದ ಕಟ್ಟೆ ಬಿಟ್ಟಿಲ್ಲ. ಕೌಜಗ ತನಗೆ ತಾನೇ ಒಂದು ಕಾಗದ ಬರೆದು, ಇಡೀ ಗುಡ್ಡ ಸುತ್ತಿ ಬಂದು, ತನ್ನ ಬಾಗಿಲಿಗೆ ತಾನೇ ತಂದು ಕೊಡುತ್ತದೆ. ಆಮೆಯಜ್ಜ ಸಾಯುತ್ತಾನೆ. ಪರಸವ್ವನಿಗೆ ಹೇಳು.

ಈಗ ದಿನಾ ಮುಂಜಾನೆ ಬರೆಯುತ್ತಿದ್ದೇನೆ. ಚಹಾ ಆರಿ ಹೋಗುತ್ತದೆ. ನನ್ನ ಹೆಂಡತಿ ಸಾವಂತ್ರವ್ವ ಎರಡು ದಿನ ನೋಡಿ, “ಜ್ವರ ಗಿರ ಬಂದಾವೇನ್ರಿ?” ಅಂತ ಹಣೆ ಮುಟ್ಟಿದಳು. ಅವಳಿಗೆ ಓದಲು ಬರುವುದಿಲ್ಲ. ನನ್ನ ಎಂಟು ಪುಸ್ತಕಗಳನ್ನು ದೀಪಾವಳಿಗೊಮ್ಮೆ ಒರೆಸಿ ಇಡುತ್ತಾಳೆ. ಅವುಗಳಲ್ಲಿ ಏನಿದೆ ಎಂದು ಅವಳು ಕೇಳಿರಲಿಲ್ಲ. ನಿನ್ನ ಪತ್ರವನ್ನು ಮಾತ್ರ, “ಇನ್ನೊಮ್ಮೆ ಓದ್ರಿ,” ಅಂದಳು.

ಟಿಕೋಟಾಕ್ಕೂ ಹೋಗಿ ಬಂದೆ. ಮೊದಲಿನ ಪುಸ್ತಕಗಳನ್ನು ಅಚ್ಚು ಹಾಕಿದ ಮಹಮ್ಮದ ಇನ್ನೂ ಅದೇ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಾನೆ. ವಿಷಯ ಹೇಳಿದೆ. ಮಸಿಗೈ ಒರೆಸಿಕೊಳ್ಳದೇ ಅಟ್ಟ ಹತ್ತಿ, ಮುಳ್ಳಪ್ಪನ ಹಳೆಯ ಚಿತ್ರದ ಮರದ ಬ್ಲಾಕು ಹುಡುಕಿ ತಂದು ನನ್ನ ಮುಂದೆ ಇಟ್ಟ. “ರುಮಾಲಿನ ಒಂದು ತುದಿ ಇಲಿ ತಿಂದೈತ್ರಿ. ಈಗ ಮುದುಕ ಆಗ್ಯಾನಲ್ಲ, ಹಳೇ ರುಮಾಲು ಅಂತ ನಡೀತೈತಿ,” ಅಂದ.

ಎರಡು ಅಧ್ಯಾಯ ಇದರ ಜೊತೆಗಿವೆ. ಓದಿದ ಮೇಲೆ ಮುಚ್ಚುಮರೆ ಇಲ್ಲದೆ ಬರೆ.

ಹಣಮಂತರಾಯ

---

ಕಾಖಂಡಕಿ
14-3-1979

ಪೂಜ್ಯ ಮಾಸ್ತರರಿಗೆ,

ಬಿಳಿಜೋಳದ ಸುಗ್ಗಿ ನಡೆದಿದೆ, ವರ್ಗಕ್ಕೆ ಅರ್ಧ ಮಂದಿಯೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಎಲ್ಲರೂ ಬಂದರು. ಮೈಮೇಲಿನ ಜೋಳದ ಕಂಕಿಯ ಚೂರು ಜಾಡಿಸಿಕೊಳ್ಳುತ್ತ, ಕುಡುಗೋಲು ಬಾಗಿಲಿಗೆ ಆನಿಸಿ ಬಂದರು.

ನಿಮ್ಮ ಹಾಳೆಗಳನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದ್ದೆ. ಜುಲೇಖಾ ಎದ್ದು ನಿಂತು, “ಮೊಲ ಬಾಗಿಲ ಹತ್ತಿರ ಕೂತಿತು,” ಎಂದು ಒಂದೂ ತಪ್ಪಿಲ್ಲದೆ ಓದಿದಳು. ಅವಳು ತಾನಾಗಿಯೇ ಓದಿದ ಮೊದಲ ಪೂರ್ತಿ ಸಾಲು. ಓದಿ ಮುಗಿಸಿ ಗೋಡೆಯನ್ನೇ ನೋಡುತ್ತ ನಿಂತುಬಿಟ್ಟಳು, ಅಕ್ಷರ ಎಲ್ಲಿ ಓಡಿ ಹೋಗುತ್ತವೋ ಅನ್ನುವ ಹಾಗೆ. ನಾನು ಚಪ್ಪಾಳೆ ತಟ್ಟಿದೆ, ಉಳಿದವರೂ ತಟ್ಟಿದರು, ಹೊರಗೆ ಕಟ್ಟಿದ ಆಡು ಬೆದರಿ ಹಗ್ಗ ಜಗ್ಗಿತು.

ಆಮೆಯಜ್ಜ ಸತ್ತಾಗ ಪರಸವ್ವ ಮೂಗು ಒರೆಸಿಕೊಂಡು, “ಮಣ್ಣಿಗೆ ಯಾರ್‍ಯಾರು ಬಂದಿದ್ರು?” ಅಂತ ವಿಚಾರಿಸಿದಳು. ನೀವು ಅದನ್ನು ಬರೆದಿರಲಿಲ್ಲ. ಅವರೇ ಕೂತು ಹೆಸರು ಹೇಳುತ್ತ ಹೋದರು. ಗಂಡು ನರಿಯನ್ನು ಕರೆಯಬೇಕೋ ಬೇಡವೋ ಎಂಬುದಕ್ಕೆ ದೊಡ್ಡ ವಾದವಾಯಿತು. ಕಡೆಗೆ ಬರಲಿ, ದೂರ ನಿಲ್ಲಲಿ ಎಂದು ತೀರ್ಮಾನ.

ಇನ್ನೊಂದು ಸಂಗತಿ. ತಾಯವ್ವನ ಗಂಡನ ಕಡೆಯ ಹಿರಿಯರು ಯುಗಾದಿ ಮುಗಿದ ಮೇಲೆ ಬರುತ್ತಾರಂತೆ, ಅವಳನ್ನು ಕರೆದುಕೊಂಡು ಹೋಗಲು. ಈ ಊರಲ್ಲಿ ಇಂಥ ಮಾತು ಬಂದರೆ ಸಂಗಣ್ಣ ಹೇಳಿದ್ದೇ ಆಗುವುದು. ನಮ್ಮ ಸಕ್ರವ್ವನ ಗಂಡ ಅವರು, ಒಳ್ಳೆಯವರೇ. ತಾಯವ್ವ ನಿನ್ನೆ ಸ್ಲೇಟು ಒರೆಸುತ್ತ ಇಷ್ಟೇ ಕೇಳಿದಳು: “ಕೆಂಚಿದು ಮಾಸ್ತರ ಬರದ್ರೇನ್ರಿ?”

ಬೇಗ ಬರೆಯಿರಿ.

ಸೀತವ್ವ

---

ಜಲನಗರ
2-4-1979

ತಂಗಿ ಸೀತವ್ವಳಿಗೆ,

ಇದೋ, ಕೆಂಚಿಯ ಅಧ್ಯಾಯ. ಇಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಈ ಸಲ ಗಡಿಗೆಗಳು ಗೋಡೆಗಷ್ಟೇ ಬೀಳುವುದಿಲ್ಲ. ಅದನ್ನು ಇದ್ದ ಹಾಗೇ ಬರೆದೆ. ಕೆಂಚಿ ಮರಿಗಳೊಡನೆ ತವರಿಗೆ ಹೋಗುತ್ತಾಳೆ. ದೂರು ಮುಳ್ಳಪ್ಪನ ಕಟ್ಟೆಗೆ ಬರುತ್ತದೆ. ಮುಳ್ಳಪ್ಪ ಮುಳ್ಳುಗಳನ್ನೆಲ್ಲ ನಿಮಿರಿಸಿ ಗಂಡು ನರಿಗೆ ಬೈಯುವ ಬೈಗುಳಕ್ಕೆ ಕರಿಗುಡ್ಡದ ಕಲ್ಲುಗಳೂ ತಲೆ ತಗ್ಗಿಸುತ್ತವೆ. ಗಂಡು ನರಿ ಮಣ್ಣು ಮುಟ್ಟಿ ಆಣೆ ಮಾಡುತ್ತಾನೆ, ಇನ್ನು ಸೇಂದಿ ಮುಟ್ಟುವುದಿಲ್ಲವೆಂದು. ಕೆಂಚಿ ಎದ್ದು, ಏನೂ ಮಾತಾಡದೆ, ಅವನ ಹಿಂದೆ ಮನೆಗೆ ನಡೆಯುತ್ತಾಳೆ. ಮುಗಿಸಿದಾಗ ನನ್ನ ಕಣ್ಣು ಒದ್ದೆಯಾಗಿದ್ದವು.

ಮಹಮ್ಮದ ಕಾಗದ ತರಿಸಿಟ್ಟಿದ್ದಾನೆ. ನಿನ್ನ ಮಂದಿ ಹೂಂ ಅಂದರೆ ಅಚ್ಚಿಗೆ ಕೊಡುವುದೇ.

ಹಣಮಂತರಾಯ

---

ಕಾಖಂಡಕಿ
11-4-1979

ಮಾಸ್ತರರಿಗೆ,

ತಾಯವ್ವ ವರ್ಗಕ್ಕೆ ಬರುವುದನ್ನು ಬಿಟ್ಟಿದ್ದಾಳೆ.

ನಿಮ್ಮ ಅಧ್ಯಾಯ ಓದಿದ ದಿನ ಅವಳ ಅಣ್ಣ ರಾಮಲಿಂಗ ಚಾವಡಿಯ ಹೊರಗೆ ಬಂಡಿಯ ಹತ್ತಿರ ನಿಂತಿದ್ದ. ಎಲ್ಲ ಕೇಳಿಸಿಕೊಂಡ. ತಂಗಿಯ ಮೇಲೆ ಜೀವ ಇಟ್ಟವನು, ಆದರೆ ಹಿರಿಯರ ಮಾತಿಗೆ ಅಂಜುತ್ತಾನೆ. ಅವಳು ಹೊರಗೆ ಬಂದಾಗ ಬಹಳ ಮೆತ್ತಗೆ, “ನೋಡವ್ವ, ಪುಸ್ತಕದಾಗೂ ಹಂಗ ಐತಿ. ಓದಿದವರು ಬರದಾರ,” ಅಂದ. ತಾಯವ್ವ ಮಗಳನ್ನು ಬಂಡಿಗೆ ಹತ್ತಿಸಿ ತಾನೂ ಹತ್ತಿದಳು. ಸ್ಲೇಟು ಇಲ್ಲೇ ಬಿಟ್ಟು ಹೋದಳು.

ನೀವು ಮುಳ್ಳಪ್ಪನಿಂದ ಚೆನ್ನಾಗಿ ಬೈಸಿದ್ದೀರಿ. ಬೈಗುಳದ ಅಂಜಿಕೆ ಸಂಜೆಯ ತನಕ ಮಾತ್ರ ಇರುತ್ತದೆ.

ಹಿರಿಯರು ಬರುವುದು ಮುಂದಕ್ಕೆ ಹೋಗಿದೆ, ಅವರ ಮನೆಯಲ್ಲೊಂದು ಸೂತಕ. ಮೇ ಕೊನೆಗೆ ಬರುತ್ತಾರಂತೆ.

ಹೆಚ್ಚಿಗೆ ಬರೆಯಲು ಮನಸ್ಸಿಲ್ಲ.

ಸೀತವ್ವ

---

ಜಲನಗರ
9-5-1979

ತಂಗಿ ಸೀತವ್ವಳಿಗೆ,

ನಿನ್ನ ಪತ್ರಕ್ಕೆ ಉತ್ತರ ಬರೆಯದೆ ಇಷ್ಟು ದಿನ ಕಳೆದೆ. ಮೊದಲು ಸಿಟ್ಟು ಬಂತು. ಆಮೇಲೆ ಹಸ್ತಪ್ರತಿಯನ್ನು ಗಂಟು ಕಟ್ಟಿ ಕಪಾಟಿನ ಮೇಲೆ ಇಟ್ಟೆ. ಮಹಮ್ಮದನಿಗೆ ಬೇಡವೆಂದು ಹೇಳಿ ಕಳಿಸಿದೆ.

ಒಂದು ವಾರ ಕಳೆಯಿತು. ಆಮೇಲೆ ಒಂದು ಮಧ್ಯಾಹ್ನ ಸಾವಂತ್ರವ್ವ ಶ್ಯಾವಿಗೆ ಒಣಹಾಕುತ್ತ, “ಆ ಹುಡಿಗಿ ಏನ ಬರದಾಳ, ಓದ್ರಿ,” ಅಂದಳು. ಓದಿದೆ. “ನೀವೇನು ಬರದಿದ್ರಿ, ಅದನ್ನೂ ಓದ್ರಿ.” ಅದನ್ನೂ ಓದಿದೆ. ಅವಳು ಕೈ ನಿಲ್ಲಿಸಲಿಲ್ಲ. ಎಲ್ಲ ಕೇಳಿ ಮುಗಿದ ಮೇಲೆ ಅಂದಳು:

“ಮುಳ್ಳಪ್ಪಗ ಹೇಣ್ತಿ ಇಲ್ಲೇನ್ರಿ?”

“ಇರಬೇಕು. ಕಥಿಯೊಳಗ ಬಂದಿಲ್ಲ.”

“ಎಂಟು ಪುಸ್ತಕದಾಗೂ ಬಂದಿಲ್ಲ?”

“ಇಲ್ಲ.”

“ಹಂಗಾರ ಅಂವನ ರುಮಾಲು ಯಾರು ಒಗೀತಿದ್ರು?”

ನಾನು ನಗಲೋ ಬೇಡವೋ ಎಂದು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. “ನ್ಯಾಯ ಹೇಳಿ ಅಂವ ಉಣ್ಣಾಕ ಮನಿಗೇ ಬರ್ತಾನಲ್ಲ. ಇವತ್ತೇನು ಮಾಡಿ ಬಂದ್ರಿ ಅಂತ ಅಕಿ ಕೇಳೂದಿಲ್ಲೇನು? ಅಕಿನ್ನ ಕರೀರಿ. ಅಕಿಗೆಲ್ಲಾ ಗೊತ್ತಿರತೈತಿ.”

ಸೀತವ್ವ, ಕಪಾಟಿನ ಮೇಲಿನ ಗಂಟನ್ನು ಆಗಲೇ ಇಳಿಸಿದೆ. ಅಲ್ಲಿಂದ ಹದಿನೈದು ದಿನ ನಾವಿಬ್ಬರೂ ಬರೆದೆವು, ಹಾಗೆಯೇ ಹೇಳಬೇಕು. ನಾನು ಮುಳ್ಳಪ್ಪನ ಹೆಂಡತಿಗೆ ಮುಳ್ಳವ್ವ ಎಂದು ಹೆಸರಿಟ್ಟಿದ್ದೆ. “ಗಂಡನ ಹೆಸರಿಗೆ ಅವ್ವ ಹಚ್ಚಿದ್ರ ಹೆಸರಾತೇನ್ರಿ? ಅಕಿಗೆ ಅಕಿದೇ ಒಂದು ಇಡ್ರಿ,” ಅಂದಳು. ದುಂಡವ್ವ ಎಂದು ಸಾವಂತ್ರವ್ವನೇ ಇಟ್ಟಳು. ದುಂಡವ್ವ ಹೇಗೆ ನಡೆಯುತ್ತಾಳೆ, ಯಾವಾಗ ಸುಮ್ಮನಾಗುತ್ತಾಳೆ, ಎಲ್ಲ ಅವಳೇ ಹೇಳಿದ್ದು. ನಾನು ಬರೆದದ್ದನ್ನು ಓದಿದರೆ ಒಮ್ಮೊಮ್ಮೆ ತಲೆ ಅಲ್ಲಾಡಿಸುತ್ತಿದ್ದಳು, ನಾನು ಹೊಡೆದು ಹಾಕುತ್ತಿದ್ದೆ. ಇಷ್ಟು ವರ್ಷದಲ್ಲಿ ನಾವು ಇಷ್ಟು ಮಾತಾಡಿರಲಿಲ್ಲ.

ಹೊಸ ಅಧ್ಯಾಯ ಹೀಗಿದೆ. ನ್ಯಾಯ ನಡೆಯುತ್ತಿರುವಾಗ ದುಂಡವ್ವ ಕಟ್ಟೆಗೆ ಬಂದು ಕೆಂಚಿಯ ಪಕ್ಕ ಕೂರುತ್ತಾಳೆ. ಗಂಡನಿಗೆ, “ಎಲ್ಲಾರನ್ನೂ ಕೇಳಿದ್ರಿ, ಇಕಿನ್ನ ಕೇಳ್ರಿ,” ಅನ್ನುತ್ತಾಳೆ. ಕೆಂಚಿ ಹೋಗುವುದಿಲ್ಲ ಎನ್ನುತ್ತಾಳೆ. ಗುಡ್ಡದ ಆಚೆ ಮಗ್ಗುಲಿಗೆ ಹೊಸ ಗುಹೆ ತೋಡುತ್ತಾಳೆ. ಹಳೆಯ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಅಳುತ್ತಾಳೆ, ಆಮೇಲೆ ಮರಿಗಳನ್ನು ಕರೆದುಕೊಂಡು ನಡೆಯುತ್ತಾಳೆ.

ತಾಯವ್ವನಿಗೆ ಇದು ಮುಟ್ಟಲಿ.

ಹಣಮಂತರಾಯ

---

ಕಾಖಂಡಕಿ
4-6-1979

ಪೂಜ್ಯ ಮಾಸ್ತರರಿಗೆ, ಸಾವಂತ್ರವ್ವನವರಿಗೆ,

ಇಬ್ಬರ ಹೆಸರೂ ಬರೆದಿದ್ದೇನೆ, ಕೂತು ಒಬ್ಬರು ಓದಿ, ಒಬ್ಬರು ಕೇಳಿ.

ಹೊಸ ಅಧ್ಯಾಯ ಬಂದಾಗ ತಾಯವ್ವ ವರ್ಗದಲ್ಲಿ ಇರಲಿಲ್ಲ. ನಾವು ಓದಿದೆವು. ದುಂಡವ್ವ ಕಟ್ಟೆಗೆ ಬಂದದ್ದನ್ನು ಕೇಳಿ ಎಲ್ಲರೂ ತಿರುಗಿ ಸಕ್ರವ್ವನನ್ನು ನೋಡಿದರು. ಸಕ್ರವ್ವ, “ನನ್ನ ಯಾಕ ನೋಡ್ತೀರೇ?” ಅಂದಳು. ಮುಖ ಕೆಂಪಾಗಿತ್ತು. ಸಂಜೆ ಆ ಹಾಳೆ ಕೇಳಿ ಇಸಿದುಕೊಂಡಳು. ಮರುದಿನ ತಿಳಿಯಿತು, ರಾಮಲಿಂಗನ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಅಧ್ಯಾಯ ತಾಯವ್ವನಿಗೆ ಓದಿ ಹೇಳಿದ್ದಾಳೆ. ರಾಮಲಿಂಗ ಎತ್ತಿಗೆ ಮೇವು ಹಾಕುತ್ತ ಅದನ್ನೂ ಕೇಳಿದ್ದಾನೆ.

ಮೊನ್ನೆ ಮುಂಜಾನೆ ಹಿರಿಯರು ಬಂದರು. ನಮ್ಮ ಚಾವಡಿಯಲ್ಲೇ ಕೂಟ. ಗೋಡೆಯ ಮೇಲೆ ನಾನು ಹಚ್ಚಿದ ಮೊಲದ ಹಾಳೆ ಹಾಗೇ ಇತ್ತು. ಗಂಡಸರೆಲ್ಲ ಕೂತರು. ತಾಯವ್ವ ಕಂಬಕ್ಕೆ ಆತು ಒಬ್ಬಳೇ. ಗಂಡನ ಕಾಕಾ ಬಹಳ ಚಂದ ಮಾತಾಡಿದ. ಹುಡುಗ ಸುಧಾರಿಸಿದ್ದಾನೆ, ಮಗು ತಂದೆಯನ್ನು ನೆನೆಸುತ್ತದೆ, ಮನೆಯ ಮರ್ಯಾದೆ. ಸಂಗಣ್ಣ ತಲೆದೂಗುತ್ತಿದ್ದರು. ನಾವೆಲ್ಲ ಹೊರಗೆ ನಿಂತಿದ್ದೆವು.

ಸಕ್ರವ್ವ ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು. ಈ ಊರಿನ ಕೂಟಕ್ಕೆ ಹೆಣ್ಣುಮಗಳು ತಾನಾಗಿ ಹೋಗಿ ಕೂತದ್ದು ಯಾರಿಗೂ ನೆನಪಿಲ್ಲ. ತಾಯವ್ವನ ಮಗ್ಗುಲಿಗೆ ಕೂತಳು.

ಸಂಗಣ್ಣ, “ಇದೇನ, ನೀ ಇಲ್ಲಿ?” ಅಂದರು.

“ಕುಂತೇನಿ. ನಿಮ್ಮ ಮಾತು ನಡೀಲಿ.”

“ಇದು ಹಿರ್‍ಯಾರ ಮಾತ ಐತಿ.”

“ನಾನೇನು ಸಣ್ಣಾಕಿ ಅಲ್ಲಲ್ರಿ. ಎಲ್ಲಾರನ್ನೂ ಕೇಳಿದ್ರಿ, ಇಕಿನ್ನ ಕೇಳ್ರಿ.”

ಅಷ್ಟೊತ್ತಿಗೆ ಪರಸವ್ವ ಕೋಲು ಊರಿಕೊಂಡು ಒಳಗೆ ಹೋಗಿದ್ದಳು. ಅವಳ ಹಿಂದೆ ಜುಲೇಖಾ. ನಾನೂ ಹೋದೆ ಮಾಸ್ತರರೇ, ಯಾವಾಗ ಹೊಸ್ತಿಲು ದಾಟಿದೆನೋ ತಿಳಿಯದು. ಇಡೀ ವರ್ಗ ತಾಯವ್ವನ ಸುತ್ತ ಕೂತಿತು, ದಿನಾ ಕೂರುವ ಜಾಗದಲ್ಲೇ.

ಸಂಗಣ್ಣ ಹೆಂಡತಿಯನ್ನೇ ನೋಡಿದರು. ಆಮೇಲೆ ತಾಯವ್ವನ ಕಡೆ ತಿರುಗಿ, “ಏನಂತಿ ಯವ್ವಾ?” ಎಂದು ಕೇಳಿದರು.

“ನಾ ಹೋಗಂಗಿಲ್ರಿ.”

ಅಷ್ಟೇ ಅಂದಳು. ಕಾರಣ ಹೇಳು ಅಂದ ಗಂಡನ ಕಾಕಾ. ಆಗ ತಾಯವ್ವ ಎಡಗೈಯ ಮೇಲಿನ ಸೆರಗು ಸರಿಸಿದಳು. ಅಲ್ಲಿದ್ದ ಗಾಯವನ್ನು ನಾನು ಬರೆಯುವುದಿಲ್ಲ. ಕಾಕಾ ನೆಲ ನೋಡಿದ. ರಾಮಲಿಂಗ ಎದ್ದು ನಿಂತು, “ನಮ್ಮ ತಂಗಿ ನಮಗ ಭಾರ ಅಲ್ರಿ. ಇಲ್ಲೇ ಇರ್‍ತಾಳ,” ಅಂದ. ಸಂಗಣ್ಣ, “ಆತು ಹಂಗಾರ,” ಅಂದರು. ಬಂದವರು ಬಬಲೇಶ್ವರದ ಬಸ್ಸಿಗೆ ಹೋದರು.

ಸಂಗಣ್ಣ ಇನ್ನೂ ಸಕ್ರವ್ವನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲವಂತೆ. “ಆಡ್ತಾರ ಬಿಡ್ರಿ,” ಅನ್ನುತ್ತಾಳೆ ಸಕ್ರವ್ವ. ಅವಳೇನೂ ಅಂಜಿದ ಹಾಗೆ ಕಾಣುವುದಿಲ್ಲ.

ಪುಸ್ತಕ ಅಚ್ಚು ಹಾಕಿಸಿ. ಈಗಲೇ.

ಸೀತವ್ವ

---

ಟಿಕೋಟಾ
23-7-1979

ತಂಗಿ ಸೀತವ್ವಳಿಗೆ,

ಪ್ರೆಸ್ಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಹಾಳೆಗೆ ಮಸಿ ಹತ್ತಿದ್ದರೆ ಮಹಮ್ಮದನನ್ನು ಬೈಯಿ.

ನಿನ್ನ ಪತ್ರವನ್ನು ಸಾವಂತ್ರವ್ವನಿಗೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಸಕ್ರವ್ವ ಒಳಗೆ ಹೋಗುವ ಜಾಗ ಬಂದಾಗ ಪ್ರತಿ ಸಲವೂ ಅವಳು ನೆಟ್ಟಗೆ ಕೂರುತ್ತಿದ್ದಳು. ಈಗ ನನ್ನ ಜೊತೆ ಟಿಕೋಟಾಕ್ಕೂ ಬಂದಿದ್ದಾಳೆ. ಮಗ ಸೊಸೆ ಬೆರಗಾಗಿದ್ದಾರೆ.

ನಿನ್ನ ಮಂದಿ ಓದಲು ಬೇಕಾದಷ್ಟು ದೊಡ್ಡ ಅಚ್ಚುಮೊಳೆ ಮಹಮ್ಮದನ ಹತ್ತಿರ ಇರುವುದು ನಾಟಕದ ಹ್ಯಾಂಡಬಿಲ್ಲಿಗೆ ಬಳಸುವುದು ಮಾತ್ರ, ಅದೂ ಕಡಿಮೆ. ಎರಡು ಪುಟ ಜೋಡಿಸುವುದರಲ್ಲಿ ‘ಳ’ ಎಲ್ಲ ಖಾಲಿ. ಹೋದಳು, ಬಂದಳು, ಕೂತಳು, ಈ ಪುಸ್ತಕದ ತುಂಬ ಹೆಂಗಸರೇ. ಹಾಗಾಗಿ ಎರಡು ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆ ಬಿಚ್ಚಿ, ಮತ್ತೆ ಎರಡು ಪುಟ. “ನನ್ನ ಪ್ರೆಸ್ಸಿಗೆ ಇಷ್ಟು ‘ಳ’ ಯಾವತ್ತೂ ಬೇಕಾಗಿದ್ದಿಲ್ರಿ,” ಅನ್ನುತ್ತಾನೆ ಮಹಮ್ಮದ, ಆದರೆ ಖುಷಿಯಿಂದ ಶೀಟಿ ಹೊಡೆಯುತ್ತ ಕೆಲಸ ಮಾಡುತ್ತಾನೆ.

ನಿನ್ನೆ ದುಂಡವ್ವನ ಪುಟ ಹಸಿಹಸಿಯಾಗಿ ಹೊರಬಂತು. ಸಾವಂತ್ರವ್ವ, “ಅಕಿ ಹೆಸರು ಎಲ್ಲಿ ಐತಿ?” ಅಂತ ಕೇಳಿದಳು. ತೋರಿಸಿದೆ. ಬೆರಳಿಟ್ಟಳು, ಬೆರಳಿಗೆ ಮಸಿ ಹತ್ತಿತು. ಕೆಳಗೆ ಇನ್ನೊಂದು ಕಡೆ ತಾನೇ ಹುಡುಕಿ, “ಇಲ್ಲೂ ಬಂದಾಳ,” ಅಂದಳು. ಆಮೇಲೆ ಇಡೀ ಪುಟ ಹುಡುಕಿದಳು. ಒಂದನ್ನೂ ಬಿಡಲಿಲ್ಲ.

ನಾಲ್ಕು ದಶಕ ಊರ ಮಕ್ಕಳಿಗೆ ಅಕ್ಷರ ಕಲಿಸಿದವನು ನಾನು. ನಾಳೆಯಿಂದ ನಮ್ಮ ಮನೆಯಲ್ಲೂ ಒಂದು ವರ್ಗ ನಡೆಯುತ್ತದೆ, ಚಹಾ ಆದ ಮೇಲೆ.

ಪ್ರತಿಗಳ ಗಂಟನ್ನು ಮುಂದಿನ ತಿಂಗಳು ಬಬಲೇಶ್ವರದ ಬಸ್ಸಿಗೆ ಕೊಡುತ್ತೇನೆ. ಬಂದು ಇಳಿಸಿಕೋ.

ಹಣಮಂತರಾಯ

---

ಕಾಖಂಡಕಿ
2-9-1979

ಮಾಸ್ತರರಿಗೆ ತಾಯವ್ವ ಮಾಡುವ ಶರಣು.

ಇದು ನನ್ನ ಮೊದಲನೇ ಕಾಗದ ಐತ್ರಿ. ಸೀತಕ್ಕ ಮಗ್ಗಲ ಕುಂತಾಳ, ತಿದ್ದಬ್ಯಾಡ ಅಂತ ಹೇಳೇನಿ. ತಪ್ಪ ಇದ್ರ ನಂದ.

ಪುಸ್ತಕ ಬಂದುವು. ಬಬಲೇಶ್ವರಕ್ಕ ನಾನೂ ಹೋಗಿದ್ನಿ. ಸೀತಕ್ಕಗ ಮನಿಗೆ ಬರೂ ತನಕ ತಡಿಯೂದು ಆಗಲಿಲ್ಲ, ಬಸ್ ಸ್ಟ್ಯಾಂಡಿನ್ಯಾಗ ಗಂಟು ಬಿಚ್ಚಿದಳು. ಮಂದಿ ಎಲ್ಲಾ ಸುತ್ತಗಟ್ಟಿದ್ರು. ಒಬ್ಬ ಮುದಕ ಏನ ಪುಸ್ತಕವ್ವ ಇದು ಅಂದ. ನಾ ಓದಿ ಹೇಳಿದೆ. ಎರಡು ಪುಟ ಓದಿದೆ. ನಮ್ಮ ಬಸ್ಸು ಹೋತು. ಎರಡನೇ ಬಸ್ಸಿಗೆ ಬಂದಿವಿ.

ಪುಸ್ತಕ ಚಂದ ಆಗೇತ್ರಿ. ಕೌಜಗ ತನಗ ತಾನೇ ಕಾಗದ ಬರಕೊಂಡದ್ದು ಜುಲೇಖಾ ದಿನಾ ಓದ್ತಾಳ. ನಿಮ್ಮ ಮನ್ಯಾಗಿನ ದುಂಡವ್ವ, ಸಾವಂತ್ರವ್ವಾರನ್ನ ಕೇಳೀನಂತ ಹೇಳ್ರಿ. ಅವರು ಅಕ್ಷರ ಕಲ್ಯಾಕತ್ತಾರಂತ ಸೀತಕ್ಕ ಹೇಳಿದ್ಲು. ಅವರಿಗೆ ಹೇಳ್ರಿ, ಒತ್ತಕ್ಷರಕ್ಕ ಅಂಜಬ್ಯಾಡ್ರಿ, ಒಂದು ತಿಂಗಳ ಸತಾಯಿಸ್ತಾವ, ಆಮ್ಯಾಲ ಹೇಳಿದಂಗ ಕೇಳ್ತಾವ.

ಒಂದು ಮಾತು ಹೇಳಬೇಕಾಗೇತಿ. ಸಿಟ್ಟ ಆಗಬ್ಯಾಡ್ರಿ. ಕೆಂಚಿ ಬಾಗಲದಾಗ ನಿಂತು ಅತ್ಲು ಅಂತ ಬರದೀರಿ. ನಮ್ಮ ವರ್ಗದಾಗ ಎಲ್ಲಾರೂ ಆ ಪುಟಕ್ಕ ಅತ್ರು. ನಾನೂ ಅಳಬೇಕಂತ ಮಾಡಿದ್ನಿ, ಬರಲಿಲ್ಲ. ಕೆಂಚಿ ಅತ್ತಿರಬೇಕು, ನಾ ಇಲ್ಲ ಅನ್ನಂಗಿಲ್ಲ. ಎಲ್ಲಾರೂ ಒಂದ ನಮೂನಿ ಇರಂಗಿಲ್ಲಲ್ರಿ.

ಆದ್ರ ಮುಂದಿನ ಸರ್ತಿ ಅಚ್ಚ ಹಾಕುವಾಗ ಇದನ್ನೂ ಒಂದು ಸಾಲು ಹಾಕ್ರಿ. ಆ ದಿನ ಕೂಟ ಮುಗಿದು ಹೊರಗ ಬಂದಾಗ ನನಗ ಭಾಳ ಹಸಿವಾಗಿತ್ತು. ಎಷ್ಟೋ ತಿಂಗಳ ಮ್ಯಾಲ ಹಂಗ ಹಸಿವಾಗಿತ್ತು. ಸಕ್ರವ್ವನ ಮನ್ಯಾಗ ಕುಂತು ಮೂರು ರೊಟ್ಟಿ ತಿಂದೆ, ಮ್ಯಾಲ ಮತ್ತೊಂದು ಕೇಳಿ ಇಸಗೊಂಡೆ.

ತಾಯವ್ವ